ಆರಿಸಿಕೊಂಡ ಬೆಟ್ಟ, ಆರಿಸಿಕೊಳ್ಳುವ ಬೆಟ್ಟ



ನಿವೃತ್ತನಾದ ಮೇಷ್ಟ್ರಿಗೆ ಒಂದು ಸ್ವಾತಂತ್ರ್ಯವುಂಟು. ಪಾಠಪಟ್ಟಿಯ ಹಂಗಿಲ್ಲದೆ ಮನಸ್ಸು ಕರೆದೆಡೆಗೆ ಓದಿಕೊಂಡು ಹೋಗಬಹುದು. ಹಾಗೆ ಓದುತ್ತ ಹೋದ ನಾನು ಈ ಕೆಲವು ತಿಂಗಳುಗಳಿಂದ ಎರಡು ಸಾವಿರ ವರ್ಷಗಳಿಗೂ ಹಿಂದಿನ ಒಂದು ಜಗಳದ ನಡುವೆ ಸಿಕ್ಕಿಕೊಂಡಿದ್ದೇನೆ. ಜಗಳ ನಮ್ಮದಲ್ಲ, ಯೆಹೂದ್ಯರದು ಮತ್ತು ಸಮಾರ್ಯದವರದು. ಆದರೆ ಅದು ನಡೆದ ರೀತಿಯನ್ನು ನೋಡಿದರೆ ಅಪರಿಚಿತವೆಂದು ಹೇಳಲು ಬಾಯಿ ಬಾರದು.

ನೀತಿಪಾಠದ ಅವಧಿಯಲ್ಲಿ ಕೇಳಿದ ಸಮಾರ್ಯದವನ ಕತೆ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರು ಬಡಿದು ಅರೆಜೀವ ಮಾಡಿ ಹೋದ ಒಬ್ಬ ಪ್ರಯಾಣಿಕ. ಅವನನ್ನು ನೋಡಿಯೂ ಓರೆಯಾಗಿ ದಾಟಿಹೋದ ಯಾಜಕ ಮತ್ತು ಲೇವಿಯ. ಕೊನೆಗೆ ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ತನ್ನ ಸವಾರಿಯ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದ ಸಮಾರ್ಯದವನು. ನಮಗೆ ಇದು ಪರೋಪಕಾರದ ಕತೆ. ಯೇಸುವಿನ ಬಾಯಿಂದ ಇದನ್ನು ಮೊದಲು ಕೇಳಿದ ಯೆಹೂದ್ಯರಿಗಾದರೋ ‘ಸಮಾರ್ಯದವನು’ ಎಂಬ ಹೆಸರೇ ಕಿವಿಗೆ ಕಹಿಯಾಗಿತ್ತು. ಆ ಕಹಿ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು, ಒಂದೇ ಕತೆಯನ್ನು ಬೇರೆಬೇರೆಯಾಗಿ ಹೇಳಿಕೊಂಡ ಎರಡು ಮನೆಗಳ ಚರಿತ್ರೆ.

ಇಬ್ಬರೂ ಯಾಕೋಬನ ಮಕ್ಕಳು. ಇಬ್ಬರಿಗೂ ಒಬ್ಬನೇ ದೇವರು. ಮೋಶೆಯ ಐದು ಗ್ರಂಥಗಳು ಇಬ್ಬರಿಗೂ ಪವಿತ್ರ. ಸಬ್ಬತ್ ದಿನ, ಸುನ್ನತಿ, ಪಸ್ಕ ಹಬ್ಬಗಳೂ ಇಬ್ಬರಿಗೂ ಉಂಟು. ಬೇರೆಯಾದದ್ದು ಬೆಟ್ಟ. ಯೆಹೂದ್ಯರ ದೇವಾಲಯ ಯೆರೂಸಲೇಮಿನಲ್ಲಿ. ಸಮಾರ್ಯದವರ ದೇವಾಲಯ ಅಲ್ಲಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪುರಾತನ ಶೆಕೆಮ್ ಪಟ್ಟಣವನ್ನು, ಅಂದರೆ ಇಂದಿನ ನಾಬ್ಲಸ್ಸನ್ನು, ಮೇಲಿನಿಂದ ನೋಡುವ ಗೆರಿಜ್ಜೀಮ್ ಬೆಟ್ಟದ ಮೇಲೆ. ದೂರದವರ ನಡುವೆ ಇಂಥ ಮತ್ಸರ ಹುಟ್ಟುವುದಿಲ್ಲ. ಇದಕ್ಕೆ ಸರಿಯಾದ ಪದ ಕನ್ನಡದಲ್ಲಿದೆ: ದಾಯಾದಿ. ಪಾಲಿಗೆ ಹಕ್ಕುಳ್ಳ ರಕ್ತಸಂಬಂಧಿ ಎಂಬ ಅರ್ಥದ ಮಾತೇ ಜನರ ಬಾಯಲ್ಲಿ ಹಗೆಯವನು ಎಂಬ ಅರ್ಥಕ್ಕೂ ತಿರುಗಿರುವುದು ನಮ್ಮ ಹಿರಿಯರ ಅನುಭವದ ಫಲವಿರಬೇಕು.

ವ್ಯಾಕರಣದ ಅವಧಿ ಎಂದರೆ ಮುಖ ಹುಳ್ಳಗೆ ಮಾಡುತ್ತಿದ್ದ ನನ್ನ ಹಳೆಯ ಶಿಷ್ಯರು ಈಗ ಸ್ವಲ್ಪ ಗಮನವಿಡಬೇಕು. ಧರ್ಮೋಪದೇಶಕಾಂಡದಲ್ಲಿ ಮೋಶೆ ಜನರಿಗೆ ಮತ್ತೆ ಮತ್ತೆ ಒಂದು ಮಾತು ಹೇಳುತ್ತಾನೆ: ದೇವರಿಗಾಗಿ ಒಂದು ಸ್ಥಳವುಂಟು, ಬಲಿ ಕಾಣಿಕೆಗಳನ್ನು ಅಲ್ಲಿಗೇ ತರಬೇಕು ಎಂದು. ಯೆಹೂದ್ಯರ ಪಾಠದಲ್ಲಿ ಅದು ದೇವರು ‘ಆರಿಸಿಕೊಳ್ಳುವ’ ಸ್ಥಳ. ಸಮಾರ್ಯದವರ ಪಾಠದಲ್ಲಿ ದೇವರು ‘ಆರಿಸಿಕೊಂಡ’ ಸ್ಥಳ. ಹೀಬ್ರೂ ಭಾಷೆಯಲ್ಲಿ ಈ ಎರಡರ ನಡುವಿನ ಅಂತರ ಒಂದೇ ಅಕ್ಷರ. ಆ ಲಿಪಿಯಲ್ಲೆಲ್ಲ ಅತಿ ಚಿಕ್ಕದಾದ ‘ಯೋದ್’. ಭವಿಷ್ಯತ್ಕಾಲವಾದರೆ ಆಯ್ಕೆ ಇನ್ನೂ ಆಗಬೇಕು. ಮುಂದೆ ದಾವೀದ, ಸೊಲೊಮೋನರ ಕಾಲದಲ್ಲಿ ಯೆರೂಸಲೇಮು ಆ ಸ್ಥಳವಾಗಬಹುದು. ಭೂತಕಾಲವಾದರೆ ಆಯ್ಕೆ ಮೋಶೆಗೆ ಮೊದಲೇ ಮುಗಿದಿದೆ. ಅದು ಪಿತೃಗಳು ಬಲಿಪೀಠ ಕಟ್ಟಿದ ಶೆಕೆಮಿನ ನೆರೆಯ ಬೆಟ್ಟ. ಒಂದು ಕೃದಂತದ ಕಾಲವನ್ನು ಹಿಡಿದು ಎರಡು ದೇವಾಲಯಗಳು ನಿಂತ ಉದಾಹರಣೆ ಲೋಕದಲ್ಲಿ ಇನ್ನೊಂದಿದೆಯೋ ನಾ ಕಾಣೆ.

ಅಲ್ಲಿಗೇ ನಿಲ್ಲಲಿಲ್ಲ. ಜನರು ಯೊರ್ದನ್ ನದಿಯನ್ನು ದಾಟಿದ ಮೇಲೆ ಕಲ್ಲುಗಳನ್ನು ನಿಲ್ಲಿಸಿ ಬಲಿಪೀಠ ಕಟ್ಟಬೇಕಾದದ್ದು ಏಬಾಲ್ ಬೆಟ್ಟದಲ್ಲಿ ಎಂದು ಯೆಹೂದ್ಯರ ಪಾಠ ಹೇಳಿದರೆ, ಕಣಿವೆಯ ಈಚೆಗಿರುವ ಗೆರಿಜ್ಜೀಮಿನಲ್ಲಿ ಎಂದು ಸಮಾರ್ಯದವರ ಪಾಠ ಹೇಳುತ್ತದೆ. ಅವರು ದಶಾಜ್ಞೆಗಳಲ್ಲಿಯೇ ಗೆರಿಜ್ಜೀಮಿನ ಆಜ್ಞೆಯೊಂದನ್ನು ಸೇರಿಸಿಕೊಂಡರು. ಹಾಗಾದರೆ ತಿದ್ದಿದವರು ಸಮಾರ್ಯದವರೇ ಎಂದು ತೀರ್ಪು ಕೊಡಲು ಅವಸರ ಬೇಡ. ಹಳೆಯ ಲ್ಯಾಟಿನ್ ಅನುವಾದದ ಒಂದು ಹಸ್ತಪ್ರತಿಯಲ್ಲಿಯೂ ಬಲಿಪೀಠದ ಬೆಟ್ಟ ಗೆರಿಜ್ಜೀಮೇ ಆಗಿದೆ. ಹೀಗಾಗಿ ಆ ಒಂದು ಜಾಗದಲ್ಲಿ ಗೆರಿಜ್ಜೀಮ್ ಎಂಬುದೇ ಮೂಲವಿದ್ದು, ಏಬಾಲ್ ಎಂಬುದು ಯೆಹೂದ್ಯ ಲಿಪಿಕಾರರ ತಿದ್ದುಪಡಿ ಎಂದು ಅನೇಕ ವಿದ್ವಾಂಸರು ಇಂದು ಒಪ್ಪುತ್ತಾರೆ. ಎರಡು ಮನೆಗಳ ಲೇಖನಿಗಳೂ ಆಡಿವೆ.

ಅಕ್ಷರ ತಿದ್ದುವುದು ಚಿಕ್ಕ ಕೆಲಸ. ದೊಡ್ಡ ಕೆಲಸ ಕತೆಯನ್ನೇ ಮರಳಿ ಹೇಳುವುದು. ಕನ್ನಡಿಗರಿಗೆ ಇದು ಹೊಸತಲ್ಲ. ಪಂಪನ ಭಾರತದಲ್ಲಿ ದ್ರೌಪದಿ ಅರ್ಜುನನೊಬ್ಬನ ಪತ್ನಿ. ನಾಗಚಂದ್ರನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಹಳೆಯ ಕತೆಯನ್ನು ತನ್ನ ಕಾಲಕ್ಕೆ, ತನ್ನ ಧರ್ಮಕ್ಕೆ ಒಗ್ಗಿಸಿ ಹೇಳುವ ಹಕ್ಕನ್ನು ನಮ್ಮ ಕವಿಗಳು ನಿಸ್ಸಂಕೋಚವಾಗಿ ಚಲಾಯಿಸಿದ್ದಾರೆ. ಪ್ರಾಚೀನ ಯೆಹೂದ್ಯರೂ ಹಾಗೆಯೇ ಮಾಡಿದರು. ಅಂಥ ಕೃತಿಗಳಿಗೆ ‘ಮರಳಿ ಬರೆದ ಬೈಬಲ್’ ಎಂಬ ಹೆಸರನ್ನು 1961ರಲ್ಲಿ ಗೇಜಾ ವೆರ್ಮೆಶ್ ಎಂಬ ವಿದ್ವಾಂಸರು ಕೊಟ್ಟರು. ‘ಯೋಬೆಲ್‌ಗಳ ಗ್ರಂಥ’ ಅವುಗಳಲ್ಲಿ ಮುಖ್ಯವಾದುದು. ಕ್ರಿ.ಪೂ. 2ನೆಯ ಶತಮಾನದಲ್ಲಿ ಹೀಬ್ರೂವಿನಲ್ಲಿ ರಚಿತವಾದ ಆ ಗ್ರಂಥ ಪೂರ್ಣವಾಗಿ ಉಳಿದದ್ದು ಇಥಿಯೋಪಿಯದ ಗೀಜ್ ಭಾಷೆಯಲ್ಲಿ ಮಾತ್ರ. 1947ರಿಂದ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳಲ್ಲಿ ದೊರೆತ ಸುರುಳಿಗಳ ನಡುವೆ ಅದರ ಹೀಬ್ರೂ ತುಣುಕುಗಳೂ ಸಿಕ್ಕವು.

ಇಂಥ ಮರುಕಥನ ಬೆಟ್ಟದ ಜಗಳಕ್ಕೆ ಹೇಗೆ ಒದಗುತ್ತದೆಂಬುದಕ್ಕೆ ಒಂದು ಉದಾಹರಣೆ ಸಾಕು. ಆದಿಕಾಂಡದಲ್ಲಿ ಅಬ್ರಹಾಮನು ಯುದ್ಧ ಮುಗಿಸಿ ಬರುವಾಗ ಸಾಲೇಮಿನ ಅರಸನೂ ಯಾಜಕನೂ ಆದ ಮೆಲ್ಕಿಚೆದೆಕನು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತಂದು ಅವನನ್ನು ಆಶೀರ್ವದಿಸುತ್ತಾನೆ. ಈ ಸಾಲೇಮ್ ಎಲ್ಲಿ? ಕುಮ್ರಾನಿನಲ್ಲಿ ದೊರೆತ ಅರಾಮಿಕ್ ಭಾಷೆಯ ಮರುಕಥನವೊಂದು, ಅದು ಯೆರೂಸಲೇಮೇ ಎಂದು ನಡುವೆ ಒಂದು ವಿವರಣೆಯನ್ನು ತುರುಕಿ ಮುಂದೆ ಹೋಗುತ್ತದೆ. ಸಮಾರ್ಯದವನಿರಬೇಕೆಂದು ಹಲವರು ಊಹಿಸುವ ಒಬ್ಬ ಗ್ರೀಕ್ ಲೇಖಕನಾದರೋ ಅಬ್ರಹಾಮನಿಗೆ ಆತಿಥ್ಯ ನಡೆದದ್ದು ‘ಅರ್ಗರಿಜೀನ್’ ಬೆಟ್ಟದ ದೇವಾಲಯದಲ್ಲಿ ಎನ್ನುತ್ತಾನೆ, ಅಂದರೆ ಗೆರಿಜ್ಜೀಮಿನಲ್ಲಿ. ಅಬ್ರಹಾಮ ಇಸಾಕನನ್ನು ಬಲಿಕೊಡಲು ಹೊರಟ ಮೊರೀಯದ ಕತೆಯೂ ಹಾಗೆಯೇ. ಸೊಲೊಮೋನನ ದೇವಾಲಯ ಮೊರೀಯ ಬೆಟ್ಟದ ಮೇಲಿತ್ತೆಂದು ಯೆಹೂದ್ಯರ ಪೂರ್ವಕಾಲವೃತ್ತಾಂತ ಹೇಳಿದರೆ, ಬಲಿಯ ಸ್ಥಳ ಗೆರಿಜ್ಜೀಮಿನಲ್ಲೇ ಇದೆಯೆಂದು ಸಮಾರ್ಯದವರು ಹೇಳುತ್ತಾರೆ. ಇಷ್ಟರಲ್ಲಿ ಯಾರಿಗೂ ನೋವಿಲ್ಲ. ರಾಮ ಸೀತೆಯರು ತಂಗಿದ ಬಂಡೆ ತಮ್ಮೂರಿನದೇ ಎಂದು ನಮ್ಮಲ್ಲಿಯೂ ಎಷ್ಟು ಊರುಗಳು ಹೇಳುವುದಿಲ್ಲ!

ನೋವಿನ ಮರುಕಥನ ಬೇರೆಯಿದೆ. ಅದು ಶೆಕೆಮ್ ಪಟ್ಟಣದ್ದು.

ಆದಿಕಾಂಡದ 34ನೆಯ ಅಧ್ಯಾಯದ ಕತೆ ಹೀಗಿದೆ. ಯಾಕೋಬನ ಮಗಳು ದೀನಳನ್ನು ಶೆಕೆಮ್ ಎಂಬ ಹೆಸರಿನ ಅರಸುಕುಮಾರನು ಕೆಡಿಸುತ್ತಾನೆ. ಆಮೇಲೆ ಅವಳನ್ನೇ ಮದುವೆಯಾಗಲು ಬಯಸುತ್ತಾನೆ. ಪಟ್ಟಣದ ಗಂಡಸರೆಲ್ಲ ಸುನ್ನತಿ ಮಾಡಿಸಿಕೊಂಡರೆ ಸಂಬಂಧ ಬೆಳೆಸಬಹುದೆಂದು ಅವಳ ಅಣ್ಣಂದಿರು ಕಪಟದಿಂದ ಒಪ್ಪುತ್ತಾರೆ. ಅವರೂ ನಂಬಿ ಹಾಗೆಯೇ ಮಾಡುತ್ತಾರೆ. ಮೂರನೆಯ ದಿನ, ಗಾಯದ ನೋವಿನಲ್ಲಿರುವಾಗಲೇ, ಸಿಮೆಯೋನ್ ಮತ್ತು ಲೇವಿ ಕತ್ತಿ ಹಿಡಿದು ನುಗ್ಗಿ ಗಂಡಸರೆಲ್ಲರನ್ನೂ ಕೊಲ್ಲುತ್ತಾರೆ. ಯಾಕೋಬನು ಮಕ್ಕಳನ್ನು ಗದರಿಸುತ್ತಾನೆ. ನಮ್ಮ ತಂಗಿಯ ಮಾನ ಹೋಗಬಹುದಿತ್ತೇ ಎಂಬರ್ಥದ ಪ್ರಶ್ನೆಯನ್ನು ಅವರು ತಿರುಗಿ ಕೇಳುತ್ತಾರೆ. ಅಧ್ಯಾಯ ಆ ಪ್ರಶ್ನೆಯಲ್ಲೇ ಮುಗಿಯುತ್ತದೆ; ಉತ್ತರವಿಲ್ಲ. ಆದರೆ ಯಾಕೋಬನು ಮರೆತಿರಲಿಲ್ಲ. ಸಾಯುವ ಹೊತ್ತಿನಲ್ಲಿ ಆ ಇಬ್ಬರು ಮಕ್ಕಳ ಕೋಪವನ್ನು ಶಪಿಸಿಯೇ ಕಣ್ಣುಮುಚ್ಚಿದ.

ದೀನಳಿಗಾದ ಅನ್ಯಾಯವನ್ನೂ ಇಡೀ ಪಟ್ಟಣಕ್ಕಾದ ಅನ್ಯಾಯವನ್ನೂ ಒಟ್ಟಿಗೆ ಹಿಡಿದಿಟ್ಟು, ಓದುವವನ ಮನಸ್ಸಿಗೆ ನೆಮ್ಮದಿ ಕೊಡದ ಕತೆಯಿದು. ಕ್ರಿ.ಪೂ. 2ನೆಯ ಶತಮಾನದ ಹೊತ್ತಿಗೆ ಶೆಕೆಮ್ ಎಂದರೆ ಸಮಾರ್ಯದವರು. ಆಗ ಕತೆಗಾರರು ಆ ನೆಮ್ಮದಿಯನ್ನು ಬಯಸಿದರು. ಯೋಬೆಲ್‌ಗಳ ಗ್ರಂಥದಲ್ಲಿ ದೀನ ಹನ್ನೆರಡು ವರ್ಷದ ಬಾಲೆ. ಸುನ್ನತಿಯ ಪ್ರಸಂಗವನ್ನು ಅಲ್ಲಿ ಹೇಳಿಯೇ ಇಲ್ಲ. ಪಟ್ಟಣದವರು ಕೊಟ್ಟ ಮಾತನ್ನು ನಂಬಿದ್ದರೆಂಬುದೇ ಮಾಯವಾಯಿತು. ಕೊಂದ ಕೆಲಸ ಪರಲೋಕದ ಹಲಗೆಗಳ ಮೇಲೆ ಪುಣ್ಯವೆಂದು ಬರೆಯಲ್ಪಟ್ಟಿತು; ಅದರ ಫಲವಾಗಿ ಲೇವಿಯ ವಂಶಕ್ಕೆ ಯಾಜಕತ್ವ ಸಿಕ್ಕಿತು. ಲೇವಿಯ ಹೆಸರಿನ ‘ಮರಣಶಾಸನ’ ಎಂಬ ಇನ್ನೊಂದು ಕೃತಿಯಲ್ಲಿ ದೇವದೂತನೇ ಅವನ ಕೈಗೆ ಗುರಾಣಿಯನ್ನೂ ಕತ್ತಿಯನ್ನೂ ಕೊಡುತ್ತಾನೆ. ಶೆಕೆಮ್ ಇನ್ನು ಮುಂದೆ ದಡ್ಡರ ಪಟ್ಟಣವೆಂದು ಕರೆಸಿಕೊಳ್ಳುವುದೆಂಬ ಮಾತೂ ಬರುತ್ತದೆ. ಜೂಡಿತ್ ಎಂಬ ವೀರಮಹಿಳೆಯ ಕತೆಯಲ್ಲಿ ಆಕೆ ತನ್ನ ಪೂರ್ವಜ ಸಿಮೆಯೋನನ ಕೈಗೆ ಕತ್ತಿ ಕೊಟ್ಟವನು ದೇವರೇ ಎಂದು ಸ್ತುತಿಸುತ್ತಾಳೆ. ಕ್ರಿ.ಶ. 93ರ ಸುಮಾರಿಗೆ ಗ್ರೀಕಿನಲ್ಲಿ ಯೆಹೂದ್ಯರ ಚರಿತ್ರೆ ಬರೆದ ಜೋಸೆಫಸನೂ ಸುನ್ನತಿಯನ್ನು ಬಿಟ್ಟು, ಹಬ್ಬದ ರಾತ್ರಿ ನಡೆದ ದಾಳಿಯೆಂದು ಹೇಳಿ ಮುಗಿಸುತ್ತಾನೆ.

ಸುಳ್ಳು ಹೇಳುವುದಕ್ಕಿಂತ ಬಿಟ್ಟು ಹೇಳುವುದು ಸುಲಭ ಎಂಬುದನ್ನು ಇಲ್ಲಿ ಗಮನಿಸಬೇಕು. ಅಜ್ಜನ ಶಾಪವೊಂದನ್ನು, ಎದುರಾಳಿಯ ನಂಬಿಕೆಯೊಂದನ್ನು ಕತೆಯಿಂದ ಸದ್ದಿಲ್ಲದೆ ತೆಗೆದುಬಿಟ್ಟರೆ ಸಾಕು, ಕೊಲೆಯೂ ವ್ರತವಾಗಿ ತೋರುತ್ತದೆ.

ಯೋಬೆಲ್‌ಗಳ ಗ್ರಂಥ ಸಮಾರ್ಯದವರನ್ನೇ ಗುರಿಯಾಗಿಟ್ಟುಕೊಂಡಿತ್ತೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅನ್ಯರೊಡನೆ ಮದುವೆಯ ಸಂಬಂಧ ಕೂಡದೆಂಬುದೇ ಅದರ ಮುಖ್ಯ ಕಾಳಜಿ ಎನ್ನುವವರೂ ಇದ್ದಾರೆ. ಆದರೆ ಆ ಕಾಲದ ಗಾಳಿ ಹೇಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅದಕ್ಕೂ ಸ್ವಲ್ಪ ಹಿಂದೆ, ವಿವೇಕದ ನುಡಿಗಳನ್ನು ಬರೆದಿಟ್ಟ ಬೆನ್ ಸೀರ ಎಂಬ ಜ್ಞಾನಿಯೇ ತನ್ನ ಗ್ರಂಥದ ಕೊನೆಯಲ್ಲಿ ಶೆಕೆಮಿನವರನ್ನು ಜನಾಂಗವೆಂದು ಎಣಿಸಲೂ ಯೋಗ್ಯರಲ್ಲದ ಮೂಢರೆಂದು ಹಳಿದಿದ್ದಾನೆ. ಕ್ರಿ.ಪೂ. 110ರ ಸುಮಾರಿಗೆ ಯೆರೂಸಲೇಮಿನ ಮಹಾಯಾಜಕನೂ ಆಳರಸನೂ ಆಗಿದ್ದ ಯೋಹಾನ ಹಿರ್ಕಾನಸನು ಗೆರಿಜ್ಜೀಮಿನ ದೇವಾಲಯವನ್ನೂ ಅದರ ಸುತ್ತಲಿನ ಊರನ್ನೂ ನಾಶಮಾಡಿದ. ಅವನೂ ಲೇವಿಯ ವಂಶದವನೇ. ಕತೆಗಳೇ ಬೆಂಕಿ ಹಚ್ಚಿದವೆಂದು ಹೇಳಲಾಗದು. ರಾಜ್ಯದಾಸೆಗೆ ಕತೆ ಬೇಕಾಗಿಲ್ಲ. ಆದರೆ ಬೆಂಕಿ ಹಚ್ಚುವವನ ಕೈ ನಡುಗದಂತೆ ನೋಡಿಕೊಳ್ಳುವುದು ಕತೆಯಿಂದ ಸಾಧ್ಯ.

ಆ ಬೆಟ್ಟದ ಮೇಲೆ 1980ರ ದಶಕದಿಂದ ಇಟ್ಜಾಕ್ ಮಾಗೆನ್ ಎಂಬ ಪುರಾತತ್ತ್ವಜ್ಞರ ನೇತೃತ್ವದಲ್ಲಿ ಉತ್ಖನನ ನಡೆಯಿತು. ದೇವಾಲಯ ಕಟ್ಟಿದ್ದು ಅಲೆಕ್ಸಾಂಡರನ ಕಾಲದಲ್ಲಿ ಎಂದು ಜೋಸೆಫಸ್ ಹೇಳಿದ್ದ. ನೆಲದಡಿಯ ಸಾಕ್ಷ್ಯ ಅದನ್ನು ಒಂದು ಶತಮಾನಕ್ಕೂ ಹಿಂದಕ್ಕೆ, ಕ್ರಿ.ಪೂ. 5ನೆಯ ಶತಮಾನಕ್ಕೆ ಒಯ್ದಿತು. ಸಮಾರ್ಯದವರ ಹುಟ್ಟಿನ ಕತೆಗೂ ಇಂಥದೇ ಗತಿಯಾಗಿದೆ. ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರದ ಅರಸರು ಉತ್ತರದ ಇಸ್ರಾಯೇಲರನ್ನು ಸೆರೆಯೊಯ್ದು, ಕೂತಾ ಮೊದಲಾದ ಊರುಗಳ ಅನ್ಯಜನರನ್ನು ತಂದು ನೆಲೆಗೊಳಿಸಿದರೆಂದು ಅರಸುಗಳ ಗ್ರಂಥ ಹೇಳುತ್ತದೆ. ಅದನ್ನೇ ಹಿಡಿದು ಯೆಹೂದ್ಯ ರಬ್ಬಿಗಳು ಸಮಾರ್ಯದವರನ್ನು ‘ಕೂತೀಯರು’ ಎಂದೇ ಕರೆದರು. ಸಮಾರ್ಯದವರ ವೃತ್ತಾಂತದಲ್ಲಿ ದಾರಿ ತಪ್ಪಿದವರು ಎದುರಿನವರು: ಏಲಿ ಎಂಬ ಯಾಜಕ ಗೆರಿಜ್ಜೀಮನ್ನು ಬಿಟ್ಟು ಶೀಲೋವಿನಲ್ಲಿ ಬೇರೆ ಪೂಜೆ ಹೂಡಿದ್ದರಿಂದಲೇ ಒಡಕು ಹುಟ್ಟಿತು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಕಾಯ್ದುಕೊಂಡವರು’ ಎಂದು. ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕ ಕ್ರಿ.ಪೂ. 407ರ ಒಂದು ಪತ್ರದಲ್ಲಿ ಸಮಾರ್ಯದ ಅಧಿಪತಿ ಸನ್ಬಲ್ಲಟನ ಮಕ್ಕಳಿಬ್ಬರ ಹೆಸರು ಬರುತ್ತದೆ: ದೆಲಾಯ, ಶೆಲೆಮ್ಯ. ನೆಹೆಮೀಯನ ಗ್ರಂಥ ಯೆರೂಸಲೇಮಿನ ವೈರಿಯೆಂದು ಚಿತ್ರಿಸುವ ಆ ಸನ್ಬಲ್ಲಟನ ಮನೆಯಲ್ಲಿಯೂ ಮಕ್ಕಳ ಹೆಸರಿನ ಕೊನೆಯಲ್ಲಿ ಇಸ್ರಾಯೇಲಿನ ದೇವರ ಹೆಸರೇ ಇತ್ತು.

ಇಷ್ಟು ಕಹಿಯ ನಡುವೆ ಒಂದು ಸಿಹಿಯನ್ನು ಹಂಚದೆ ಇರಲಾರೆ. ‘ಬೆರೇಶಿತ್ ರಬ್ಬಾ’ ಎಂಬ ಹಳೆಯ ಯೆಹೂದ್ಯ ವ್ಯಾಖ್ಯಾನದಲ್ಲಿ ಬರುವ ಪ್ರಸಂಗ. ರಬ್ಬಿ ಯೋನಾತಾನರು ಪ್ರಾರ್ಥನೆಗೆಂದು ಯೆರೂಸಲೇಮಿಗೆ ಹೊರಟಿದ್ದಾರೆ. ಗೆರಿಜ್ಜೀಮಿನ ಬುಡದಲ್ಲಿ ಒಬ್ಬ ಸಮಾರ್ಯದವನು ತಡೆದು, ಆ ಹಾಳುತಿಪ್ಪೆಗೇಕೆ ಹೋಗುತ್ತೀರಿ, ಈ ಪುಣ್ಯಬೆಟ್ಟದಲ್ಲೇ ಪ್ರಾರ್ಥಿಸಬಾರದೇ ಎಂದು ಕೆಣಕುತ್ತಾನೆ. ಪುಣ್ಯಬೆಟ್ಟ ಹೇಗೆ ಎಂದು ಕೇಳಿದರೆ, ಜಲಪ್ರಳಯದ ನೀರು ಇದನ್ನು ಮುಳುಗಿಸಲಿಲ್ಲವೆಂಬ ಉತ್ತರ. ರಬ್ಬಿಗೆ ಆ ಕ್ಷಣ ಮಾತು ಹೊಳೆಯಲಿಲ್ಲ. ಕತ್ತೆ ಹೊಡೆಯುವ ಆಳು, ಅಪ್ಪಣೆಯಾದರೆ ನಾನು ಹೇಳಲೇ ಎಂದ. ಇದು ಎತ್ತರದ ಬೆಟ್ಟಗಳಲ್ಲಿ ಒಂದಾದರೆ ಎತ್ತರದ ಬೆಟ್ಟಗಳೆಲ್ಲ ಮುಳುಗಿದವೆಂದು ಶಾಸ್ತ್ರದಲ್ಲಿದೆ. ತಗ್ಗಿನದಾದರೆ ಶಾಸ್ತ್ರ ಇದನ್ನು ಲೆಕ್ಕಕ್ಕೇ ಹಿಡಿದಿಲ್ಲ. ರಬ್ಬಿ ಕೂಡಲೇ ಕತ್ತೆಯಿಂದಿಳಿದು ಆ ಆಳನ್ನು ಅದರ ಮೇಲೆ ಕೂರಿಸಿ ಕೆಲವು ಮೈಲಿ ನಡೆದೇ ಹೋದರಂತೆ. ಯಾರ ವಾದ ಗೆದ್ದಿತೆಂಬುದು ನನಗೆ ಮುಖ್ಯವಲ್ಲ. ತಿಳಿದವನೆದುರು ಗುರು ಕೆಳಗಿಳಿದು ನಡೆದನಲ್ಲ, ಆ ನಡಿಗೆಗೆ ನಾನು ಕೈಮುಗಿಯುತ್ತೇನೆ. ಅದೇ ರಬ್ಬಿಗಳ ಪರಂಪರೆಯಲ್ಲಿ, ಸಮಾರ್ಯದವರು ತಾವು ಒಪ್ಪಿದ ಆಜ್ಞೆಗಳನ್ನು ಯೆಹೂದ್ಯರಿಗಿಂತಲೂ ಕಟ್ಟುನಿಟ್ಟಾಗಿ ನಡೆಸುತ್ತಾರೆಂದು ಒಪ್ಪಿಕೊಂಡವರೂ ಇದ್ದರು.

ಈಗ ಯೆರಿಕೋವಿನ ದಾರಿಗೆ ಬರೋಣ. ಸಾಮುವೇಲ ಮತ್ತು ಅರಸುಗಳ ಗ್ರಂಥಗಳಲ್ಲಿರುವ ಚರಿತ್ರೆಯನ್ನು ಯೆರೂಸಲೇಮಿನ ದೃಷ್ಟಿಯಿಂದ ಮರಳಿ ಹೇಳಿದ ಗ್ರಂಥ ಪೂರ್ವಕಾಲವೃತ್ತಾಂತ. ಉತ್ತರ ರಾಜ್ಯದ ವಿಷಯವನ್ನು ಅದು ಬಹುಮಟ್ಟಿಗೆ ಕೈಬಿಟ್ಟಿದೆ. ಹೀಗಿದ್ದೂ ಅದರ ಎರಡನೆಯ ಭಾಗದ 28ನೆಯ ಅಧ್ಯಾಯದಲ್ಲಿ, ಅರಸುಗಳ ಗ್ರಂಥದಲ್ಲಿಲ್ಲದ ಒಂದು ಪ್ರಸಂಗವಿದೆ. ಉತ್ತರದವರು ಯುದ್ಧದಲ್ಲಿ ಗೆದ್ದು ಯೆಹೂದದ ಹೆಂಗಸರು ಮಕ್ಕಳನ್ನು ಸೆರೆಹಿಡಿದು ಸಮಾರ್ಯಕ್ಕೆ ತರುತ್ತಾರೆ. ಓದೇದ ಎಂಬ ಪ್ರವಾದಿ ಅಡ್ಡನಿಂತು, ಇವರು ನಿಮ್ಮ ಸಹೋದರರೆಂದು ನೆನಪಿಸುತ್ತಾನೆ. ಆಗ ಸಮಾರ್ಯದಲ್ಲಿದ್ದವರೇ ಸೆರೆಯವರಿಗೆ ಬಟ್ಟೆ ಕೆರ ಕೊಟ್ಟು, ಅನ್ನಪಾನಗಳನ್ನಿತ್ತು, ಎಣ್ಣೆ ಹಚ್ಚಿ, ನಡೆಯಲಾರದವರನ್ನು ಕತ್ತೆಗಳ ಮೇಲೆ ಕೂರಿಸಿ, ಯೆರಿಕೋವಿಗೆ ಕರೆತಂದು ಅವರ ಜನರಿಗೆ ಒಪ್ಪಿಸುತ್ತಾರೆ.

ಎಣ್ಣೆ, ಪ್ರಾಣಿಯ ಬೆನ್ನು, ಯೆರಿಕೋ, ಸಮಾರ್ಯ. ಲೂಕನ ಸುವಾರ್ತೆಯ ಸಾಮತಿಯ ಹಿಂದೆ ಈ ಪ್ರಸಂಗದ ನೆನಪಿದೆಯೆಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಎದುರುಮನೆಯವನ ದಯೆಯನ್ನು ಯೆರೂಸಲೇಮಿನ ಲೇಖಕನೊಬ್ಬ ತನ್ನ ಗ್ರಂಥದಲ್ಲಿ ಜೋಪಾನವಾಗಿಟ್ಟ. ಕೆಲವು ಶತಮಾನಗಳ ಅನಂತರ, ಗೆರಿಜ್ಜೀಮಿನ ದೇವಾಲಯ ಬೂದಿಯಾದ ಮೇಲೆ, ಇನ್ನೊಬ್ಬ ಯೆಹೂದ್ಯ ಗುರು ಅದನ್ನೇ ಹೊಸದಾಗಿ ಹೇಳಿ ತನ್ನವರ ಮುಂದಿಟ್ಟ. ಒಂದು ಮರುಕಥನ ಕತ್ತಿಗೆ ಸಾಣೆ ಹಿಡಿದರೆ ಇನ್ನೊಂದು ಗಾಯಕ್ಕೆ ಬಟ್ಟೆ ಕಟ್ಟಿತು. ಎರಡಕ್ಕೂ ಸಾಮಗ್ರಿ ಹಳೆಯ ಪುಸ್ತಕದಲ್ಲೇ ಇತ್ತು.

ಯೆರೂಸಲೇಮಿನ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನರು ಸುಟ್ಟರು. ಸಮಾರ್ಯದವರು ಬೈಜಾಂಟಿಯಂ ಚಕ್ರಾಧಿಪತ್ಯದ ವಿರುದ್ಧ ದಂಗೆಯೆದ್ದು ನುಚ್ಚುನೂರಾದರು. 20ನೆಯ ಶತಮಾನದ ಆರಂಭದಲ್ಲಿ ಅವರ ಸಂಖ್ಯೆ ಸುಮಾರು 150ಕ್ಕೆ ಇಳಿದಿತ್ತು. ಇಂದು ಗೆರಿಜ್ಜೀಮಿನ ಮೇಲೂ ತೆಲ್ ಅವೀವ್ ಬಳಿಯ ಹೋಲೋನಿನಲ್ಲೂ ಸೇರಿ ಒಂದು ಸಾವಿರಕ್ಕೂ ಕಡಿಮೆ ಜನ ಇದ್ದಾರೆ. ಪಸ್ಕ ಹಬ್ಬದಂದು ಬೆಟ್ಟದ ಮೇಲೆ ಕುರಿಗಳ ಬಲಿಯನ್ನು ಈಗಲೂ ನಡೆಸುತ್ತಾರೆ.

ಕೊನೆಯಲ್ಲಿ ನಮ್ಮ ಬಂಧುಗಳಿಗೆ ಮಾತ್ರ ಒಂದು ಮಾತು. ಶಿಷ್ಯರು ಓದಿದರೂ ಬಾಧಕವಿಲ್ಲ. ನಮ್ಮ ಮನೆತನ ಹಿಸ್ಸೆಯಾದದ್ದು ನನ್ನ ತಾತನ ಕಾಲದಲ್ಲಿ. ದೇವರ ಪೆಟ್ಟಿಗೆ ಯಾವ ಮನೆಗೆ ಸೇರಬೇಕಿತ್ತು ಎಂಬ ಕತೆಯನ್ನು ಮೇಲಿನ ಮನೆಯವರು ಒಂದು ಬಗೆಯಾಗಿ, ಕೆಳಗಿನ ಮನೆಯವರು ಇನ್ನೊಂದು ಬಗೆಯಾಗಿ ಹೇಳುತ್ತ ಬಂದಿದ್ದೇವೆ. ಮೊಮ್ಮಕ್ಕಳಿಗೂ ಎರಡೂ ಕತೆಗಳು ಬಾಯಿಪಾಠವಾಗಿವೆ. ನನ್ನ ತಾಯಿ ಒಮ್ಮೆ ಹೇಳಿದ ಮೂರನೆಯ ಕತೆಯೊಂದುಂಟು. ಎರಡು ಮನೆಗಳಿಗೂ ಮಾತುಕತೆ ನಿಂತುಹೋಗಿದ್ದ ಕಾಲದಲ್ಲಿ ಮೇಲಿನ ಮನೆಯಲ್ಲಿ ಎಲ್ಲರೂ ಜ್ವರದಿಂದ ಮಲಗಿದರು. ಕೆಳಗಿನ ಮನೆಯ ಚಿಕ್ಕಜ್ಜಿ ಹಿತ್ತಿಲ ಬಾಗಿಲಿನಿಂದ ಬಂದು ಹದಿನೈದು ದಿನ ಗಂಜಿ ಕಾಯಿಸಿದರು. ಕೈಗೂಸಾಗಿದ್ದ ನನ್ನ ತಂದೆಯನ್ನು ತಮ್ಮ ಮಗುವಿನೊಡನೆಯೇ ಹಾಲೂಡಿಸಿ ಬದುಕಿಸಿದರು. ಈ ಸಂಗತಿ ನಮ್ಮ ಮನೆಯ ಕತೆಯಲ್ಲಿಯೂ ಇಲ್ಲ, ಅವರ ಮನೆಯ ಕತೆಯಲ್ಲಿಯೂ ಇಲ್ಲ. ಅದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಪೆಟ್ಟಿಗೆಯ ಕತೆ ಹೇಳುವಾಗ ಇದನ್ನೂ ಸೇರಿಸಿ ಹೇಳಿ. ಕೆಳಗಿನ ಮನೆಯಲ್ಲಿ ನಮ್ಮವರ ಬಗ್ಗೆ ಇಂಥದೊಂದು ನೆನಪಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ.